ರಕ್ತ ತೆಗೆದ ಹೊತ್ತು

ನನ್ನ ತಮ್ಮ ತೀರಿಹೋದದ್ದು 2023ರ ಫೆಬ್ರವರಿಯಲ್ಲಿ. ತೊಗರಿ ರಾಶಿ ಮುಗಿದು ಕಲಬುರಗಿಯ ದಾಲ್ ಮಿಲ್‌ಗಳು ಹಗಲು ರಾತ್ರಿ ನಡೆಯುವ ಕಾಲ. ಅಂಥದೊಂದು ಮಿಲ್ಲಿನಲ್ಲಿ ಅವನು ಮಷಿನ್ ನೋಡಿಕೊಳ್ಳುತ್ತಿದ್ದ. ಆ ದಿನ ಪಾಳಿ ಮುಗಿಸಿ, ಬೈಕ್ ಹತ್ತಿ, ಹುಮನಾಬಾದ್ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಊರಿಗೆ ಹೊರಟಿದ್ದ. ರಾತ್ರಿ 9.40ರ ಸುಮಾರಿಗೆ ಹಿಂದಿನಿಂದ ಬಂದ ಕಾರು ಹೊಡೆಯಿತು. ಅವನಿಗಿನ್ನೂ 29 ವರ್ಷ. ಮನೆಯಲ್ಲಿ ಹೆಂಡತಿ, ಎರಡು ವರ್ಷದ ಮಗಳು, ಅಪ್ಪ, ಅವ್ವ.

ಅಪಘಾತವಾದ ಜಾಗ, ಠಾಣೆ, ಆಸ್ಪತ್ರೆ ಯಾವುದರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಕ್ರಿಮಿನಲ್ ಕೇಸು ಇನ್ನೂ ನಡೆದಿದೆ. ಎರಡೂವರೆ ವರ್ಷ ಕೋರ್ಟು, ಠಾಣೆ, ವಕೀಲರ ಮನೆ ಎಂದು ಓಡಾಡಿದ ಮೇಲೆ ನನಗೆ ತಿಳಿದ ಒಂದು ಸಂಗತಿ ಇದೆ. ಅದನ್ನು ಆ ರಾತ್ರಿಯೇ ಯಾರಾದರೂ ನನ್ನ ಕಿವಿಗೆ ಹಾಕಿದ್ದರೆ ನಾನು ಬೇರೆ ರೀತಿ ನಡೆದುಕೊಳ್ಳುತ್ತಿದ್ದೆ. ಇನ್ನೊಂದು ಮನೆಯವರಿಗಾದರೂ ಅದು ಹೊತ್ತಿಗೆ ಸರಿಯಾಗಿ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನಾನು ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅಪ್ಪನ ಫೋನು ಬಂದದ್ದು ಹತ್ತೂಕಾಲಿಗೆ. ನಾನು, ನಮ್ಮ ಮನೆಯವರು ಆಸ್ಪತ್ರೆ ಮುಟ್ಟುವ ಹೊತ್ತಿಗೆ ತಮ್ಮ ಇರಲಿಲ್ಲ. ಆಂಬುಲೆನ್ಸ್ ಒಳಗೇ ಉಸಿರು ನಿಂತಿತ್ತು. ಹೊರಗಿನ ಕಟ್ಟೆಯ ಮೇಲೆ ಒಬ್ಬ ಮುದುಕರು ಕೂತಿದ್ದರು. ಬಿಳಿ ಗಡ್ಡ, ಎಣ್ಣೆ ಮೆತ್ತಿದ ಅಂಗಿ, ತೋಳಿನ ತುಂಬ ರಕ್ತ. ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡವರು. 108ಕ್ಕೆ ಫೋನು ಮಾಡಿ, ಬರುವತನಕ ತಮ್ಮನ ತಲೆ ತೊಡೆಯ ಮೇಲೆ ಇಟ್ಟುಕೊಂಡು, ಆಂಬುಲೆನ್ಸಿನಲ್ಲಿ ಜೊತೆಗೇ ಬಂದಿದ್ದರು. ಅಂಗಡಿ ಬಾಗಿಲು ಹಾಕಿರಲಿಲ್ಲ. ಅವರನ್ನು ನಾನು ಅಂದಿನಿಂದ ಚಾಚಾ ಎಂದೇ ಕರೆಯುತ್ತೇನೆ.

"ಕುಡದಾನ ಬೇಟಿ ಅಂವ," ಅಂದರು. "ಕಾರಿನ ಬಾಗಲಾ ತೆಗದ್ರ ಗಪ್ ಅಂತ ವಾಸನಿ ಬಂತು. ಇಳದು ನಿಂದ್ರಲಾಕ ಬರಲಿಲ್ಲ ಅವಂಗ, ಬಾಗಲಾ ಹಿಡಕೊಂಡು ನಿಂತಿದ್ದ."

ಕಾರಿನವನು ಓಡಿಹೋಗಿರಲಿಲ್ಲ. ಜನ ಹಿಡಿದು ಪೊಲೀಸರಿಗೆ ಒಪ್ಪಿಸಿದ್ದರು. ಹಣೆಗೆ ಸಣ್ಣ ಗಾಯವಾಗಿತ್ತಂತೆ. ಅವನನ್ನು ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ ಎಂದರು. ನನಗೆ ಆಗ ಅವನ ಸುದ್ದಿಯೇ ಬೇಕಿರಲಿಲ್ಲ. ಅವ್ವನನ್ನು ಹಿಡಿದುಕೊಳ್ಳುವುದೇ ಸಾಕಾಗಿತ್ತು.

ಮಧ್ಯರಾತ್ರಿ ದಾಟಿದ ಮೇಲೆ ಫಿರ್ಯಾದಿ ಕೊಡಲು ಕರೆದರು. ಬರೆದುಕೊಳ್ಳುವ ಪೇದೆ ಮೆತ್ತಗೆ ಮಾತಾಡುವವರು, ನೀರು ಕೊಟ್ಟರು, ಕುರ್ಚಿ ಕೊಟ್ಟರು. ಚಾಚಾ ಹೇಳಿದ್ದನ್ನು ನಾನು ಹೇಳಿದೆ. "ಅದೆಲ್ಲಾ ಮೆಡಿಕಲ್‌ನ್ಯಾಗ ಬರ್ತದ ರೀ ಮೇಡಂ. ನೀವು ಹೆಂಗ ಆಯ್ತು ಅಷ್ಟ ಹೇಳ್ರಿ," ಅಂದರು. ಕಾಗದದಲ್ಲಿ "ಅತಿವೇಗ ಮತ್ತು ನಿಷ್ಕಾಳಜಿತನದಿಂದ ಚಲಾಯಿಸಿಕೊಂಡು ಬಂದು" ಎಂದು ಬರೆದರು. ಓದಿ ಹೇಳಿದರು. ಸಹಿ ಮಾಡಿದೆ. ಕುಡಿದಿದ್ದ ಎನ್ನುವ ಮಾತು ಅದರಲ್ಲಿ ಇಲ್ಲ ಎಂಬುದು ನನಗೆ ಗೊತ್ತಾಗಿತ್ತು. ಮೆಡಿಕಲ್‌ನಲ್ಲಿ ಬರುತ್ತದೆ ಎಂದು ನಂಬಿದೆ. ಆಗ ರಾತ್ರಿ ಒಂದು ಗಂಟೆ. ಕಾರಿನವನ ರಕ್ತ ಇನ್ನೂ ತೆಗೆದಿರಲಿಲ್ಲ.

ಬೆಳಿಗ್ಗೆ ಶವಪಂಚನಾಮೆ, ಮರಣೋತ್ತರ ಪರೀಕ್ಷೆ. ಮಧ್ಯಾಹ್ನ ಊರು. ಅದರ ಬಗ್ಗೆ ಬರೆಯಲಾರೆ.

ಮೂರನೇ ದಿನದ ಮೇಲೆ ಕಾಗದಗಳ ಕೆಲಸ ನನ್ನ ಪಾಲಿಗೆ ಬಂತು. ಅಪ್ಪನಿಗೆ ಓದು ಬರಹ ಕಡಿಮೆ, ತಮ್ಮನ ಹೆಂಡತಿ ಮಾತೇ ಬಿಟ್ಟಿದ್ದಳು. ಎಫ್‌ಐಆರ್ ಪ್ರತಿ ಫಿರ್ಯಾದಿದಾರರಿಗೆ ಪುಕ್ಕಟೆ ಕೊಡಬೇಕು, ಕೊಟ್ಟರು. ಐಪಿಸಿ 279, 304ಎ, ಅಂದರೆ ಅತಿವೇಗದ ನಿಷ್ಕಾಳಜಿ ಚಾಲನೆ, ನಿಷ್ಕಾಳಜಿಯಿಂದ ಆದ ಸಾವು. ಆಮೇಲೆ ಘಟನಾ ಸ್ಥಳದ ಪಂಚನಾಮೆ, ಕೈಯಲ್ಲಿ ಬರೆದ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ ಒಂದೊಂದಾಗಿ ಕೈಗೆ ಬಂದವು. ಕಾರಿನ ಬ್ರೇಕು, ಸ್ಟೇರಿಂಗು ಸರಿಯಿದ್ದವು, ಯಾಂತ್ರಿಕ ದೋಷದಿಂದ ಅಪಘಾತವಾಗಿಲ್ಲ ಎಂದು ನಿರೀಕ್ಷಕರು ಬರೆದಿದ್ದರು.

ಆ ನಕ್ಷೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ. ರಸ್ತೆಯ ಎರಡು ಗೆರೆ, ಉತ್ತರಕ್ಕೆ ಬಾಣದ ಗುರುತು, ಒಂದು ಜಾಲಿ ಗಿಡ, ಪಂಕ್ಚರ್ ಅಂಗಡಿ. 'ಎ' ಎಂದು ಗುರುತು ಹಾಕಿದ ಕಡೆ ಡಿಕ್ಕಿ. 'ಬಿ' ಎಂದಿರುವಲ್ಲಿ ಬೈಕು, ನಡುವೆ 42 ಅಡಿ. ಡಾಂಬರಿನ ಮೇಲೆ ಬ್ರೇಕ್ ಹಿಡಿದ ಗುರುತು ಇಲ್ಲ. ನೇರ ರಸ್ತೆ, ತಿರುವಿಲ್ಲ, ತಮ್ಮನ ಬೈಕಿನ ಹಿಂದಿನ ದೀಪ ಉರಿಯುತ್ತಿತ್ತು ಎಂದು ಚಾಚಾ ಹೇಳಿಕೆ ಕೊಟ್ಟಿದ್ದರು. ಗಂಟೆಗೆ 80 ಕಿಲೋಮೀಟರಿನಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಎದುರಿಗೆ ಕೆಂಪು ದೀಪ ಕಂಡವನು ತಡವಾಗಿಯಾದರೂ ಬ್ರೇಕ್ ಒತ್ತುತ್ತಾನೆ. ಇವನು ಒತ್ತಲೇ ಇಲ್ಲ. ಕುಡಿದವನ ಕಣ್ಣು ಬೆಳಕನ್ನು ಕಂಡರೂ ಅದು ಎಷ್ಟು ದೂರದಲ್ಲಿದೆ, ತನಗೆ ಎಷ್ಟು ಬೇಗ ಹತ್ತಿರವಾಗುತ್ತಿದೆ ಎಂಬುದನ್ನು ಮಿದುಳು ಹೊತ್ತಿಗೆ ಸರಿಯಾಗಿ ಲೆಕ್ಕ ಹಾಕುವುದಿಲ್ಲ. ಕಾಲಿಗೆ ಅಪ್ಪಣೆ ಹೋಗುವುದೂ ತಡ.

ಮರಣೋತ್ತರ ವರದಿ ಸುಮಾರು ಒಂದು ತಿಂಗಳಿಗೆ ಬಂತು. ಅದನ್ನು ಓದಬೇಡಿ ಎಂದು ಎಲ್ಲರೂ ಹೇಳಿದರು, ನಾನು ಓದಿದೆ. ಜಠರ ಎನ್ನುವ ಕಡೆ, ಅರ್ಧ ಜೀರ್ಣವಾದ ಆಹಾರ ಇದೆ, ಮದ್ಯದ ವಾಸನೆ ಇಲ್ಲ ಎಂದು ಬರೆದಿದ್ದರು. ಅದು ಅವನ ಹೆಂಡತಿ ಕಟ್ಟಿಕೊಟ್ಟ ಬುತ್ತಿ. ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಸಂಜೆ ಏಳಕ್ಕೆ ಮಿಲ್ಲಿನಲ್ಲಿ ಕೂತು ತಿಂದಿದ್ದ. ವೈದ್ಯರು ತಮ್ಮ ಕೆಲಸ ಸರಿಯಾಗಿ ಮಾಡಿದ್ದರು. ಸತ್ತವನ ಹೊಟ್ಟೆಯನ್ನು ಮೂಸಿ ನೋಡಿ ಬರೆದಿದ್ದರು. ಕಾರಿನಿಂದ ಜೀವಂತ ಇಳಿದವನ ಬಾಯಿಯ ವಾಸನೆಯನ್ನು ಆ ರಾತ್ರಿ ಯಾರೂ ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಜೂನ್‌ನಲ್ಲಿ ದೋಷಾರೋಪಣ ಪಟ್ಟಿ ಸಲ್ಲಿಕೆಯಾಯಿತು. ಕೋರ್ಟಿನಿಂದ ನಕಲು ತೆಗೆಸಿದೆವು. ಪುಟ ತಿರುವುತ್ತ ಹೋದರೆ ರಕ್ತಪರೀಕ್ಷೆಯ ವರದಿ ಸಿಕ್ಕಿತು. 100 ಮಿಲಿಲೀಟರ್ ರಕ್ತಕ್ಕೆ 26 ಮಿಲಿಗ್ರಾಂ ಮದ್ಯಸಾರ. ಮೋಟಾರು ವಾಹನ ಕಾಯ್ದೆ 1988ರ ಕಲಂ 185 ಅನ್ವಯವಾಗುವುದು 30 ಮಿಲಿಗ್ರಾಂ ಮೀರಿದಾಗ. ಆದ್ದರಿಂದ ಪಟ್ಟಿಯಲ್ಲಿ 185 ಇರಲಿಲ್ಲ. ಕುಡಿದು ಓಡಿಸಿದ ಆರೋಪವೇ ಇಲ್ಲ.

ವಕೀಲರ ಮನೆಯ ಪಡಸಾಲೆಯಲ್ಲಿ ಕೂತು ಓದುತ್ತಿದ್ದೆ. ಅವರು ನಮ್ಮ ಕಡೆಯವರೇ, ವಯಸ್ಸಾದವರು, ನನ್ನನ್ನು "ತಂಗಿ" ಎನ್ನುತ್ತಾರೆ. "ನಾಲ್ಕೇ ನಾಲ್ಕು ಕಡಿಮಿ ಬಂದಾವ ತಂಗಿ," ಅಂದರು. ನಾನು ಹಿಂದಿನ ಪುಟಕ್ಕೆ ಹೋದೆ. ರಕ್ತ ತೆಗೆಯಲು ಪೊಲೀಸರು ವೈದ್ಯರಿಗೆ ಕೊಟ್ಟ ಕೋರಿಕೆ ಪತ್ರ ಅಲ್ಲಿತ್ತು. ಅದರ ಕೆಳಗೆ ವೈದ್ಯರ ಕೈಬರಹದಲ್ಲಿ ರಕ್ತ ತೆಗೆದ ಹೊತ್ತು: ಬೆಳಗಿನ ಜಾವ 3.40. ಅಪಘಾತ 9.40ಕ್ಕೆ. ಸರಿಯಾಗಿ ಆರು ಗಂಟೆ.

ಇದು ನನಗೆ ಪಾಠ ಮಾಡಿ ಗೊತ್ತಿದ್ದ ವಿಷಯ. ಕುಡಿದ ಮದ್ಯ ರಕ್ತಕ್ಕೆ ಸೇರಿ ಸುಮಾರು ಅರ್ಧ ತಾಸಿನಿಂದ ಒಂದೂವರೆ ತಾಸಿನೊಳಗೆ ತುದಿ ಮುಟ್ಟುತ್ತದೆ. ಆಮೇಲೆ ಯಕೃತ್ತು ಅದನ್ನು ಒಂದೇ ಸಮನೆ ಸುಡುತ್ತ ಹೋಗುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ ತಾಸಿಗೆ 10ರಿಂದ 20 ಮಿಲಿಗ್ರಾಂ, ಸರಾಸರಿ 15. ತಣ್ಣೀರು ಹೊಯ್ದರೂ, ಕಾಫಿ ಕುಡಿಸಿದರೂ, ಮಲಗಿಸಿದರೂ ಆ ವೇಗ ಹೆಚ್ಚುವುದಿಲ್ಲ, ನಿಲ್ಲುವುದೂ ಇಲ್ಲ. ಹೊತ್ತು ಕಳೆದಂತೆ ಸಾಕ್ಷಿ ತನ್ನಷ್ಟಕ್ಕೆ ತಾನೇ ಅಳಿದುಹೋಗುತ್ತಿರುತ್ತದೆ.

ನಕಲಿನ ಬೆನ್ನಿಗೆ ಪೆನ್ಸಿಲಿನಿಂದ ಬರೆದೆ. ತಾಸಿಗೆ 15ರಂತೆ ಆರು ತಾಸಿಗೆ 90. ಉಳಿದ 26 ಕೂಡಿದರೆ 116. ಆರೋಪಿಯ ಕಡೆಗೇ ಒಲಿದು, ತಾಸಿಗೆ 10 ಎಂದೇ ಹಿಡಿದರೂ 60ಕ್ಕೆ 26 ಸೇರಿ 86 ಆಗುತ್ತದೆ. ಡಿಕ್ಕಿ ಹೊಡೆಯುವಾಗ ಅವನ ರಕ್ತದಲ್ಲಿ ಕಾನೂನಿನ ಮಿತಿಯ ಮೂರು ಪಟ್ಟಿನ ಹತ್ತಿರ ಇತ್ತು, ನಾಲ್ಕು ಪಟ್ಟು ಇದ್ದಿರಲೂಬಹುದು. ಪ್ರಯೋಗಾಲಯದ ವರದಿಯಲ್ಲಿ ತಪ್ಪಿರಲಿಲ್ಲ. ಮದ್ಯಸಾರ ಕೆಡದಂತೆ ಸೋಡಿಯಂ ಫ್ಲೋರೈಡ್ ಹಾಕಿದ ಸೀಸೆಯಲ್ಲೇ ರಕ್ತ ಬಂದಿತ್ತು, ಮೊಹರು ಸರಿಯಿತ್ತು. ತಡವಾಗಿ ತೆಗೆದ ರಕ್ತವನ್ನು ಅವರು ಸರಿಯಾಗಿಯೇ ಅಳೆದಿದ್ದರು.

ವಕೀಲರು ಬಹಳ ಹೊತ್ತು ಆ ಲೆಕ್ಕ ನೋಡಿದರು. ಆಮೇಲೆ ಒಳಗೆ ಹೋಗಿ ಕಾಯ್ದೆಯ ಪುಸ್ತಕ ತಂದು ನನ್ನ ಮುಂದೆ ತೆರೆದಿಟ್ಟರು. ಕಲಂ 203: ಅಪಘಾತವಾದ ವಾಹನದ ಚಾಲಕ ಕುಡಿದಿದ್ದಾನೆಂಬ ಅನುಮಾನಕ್ಕೆ ಕಾರಣವಿದ್ದರೆ ಪೊಲೀಸರು ಆ ಜಾಗದಲ್ಲಿ, ಅವನು ಆಸ್ಪತ್ರೆಗೆ ಸೇರಿದ್ದರೆ ಅಲ್ಲಿ, ಯಂತ್ರಕ್ಕೆ ಊದಿಸಬಹುದು. ಕಲಂ 202: ಕಲಂ 185ರಲ್ಲಿ ಹಿಡಿದವನನ್ನು 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲವಾದರೆ ಬಿಟ್ಟುಬಿಡಬೇಕು. ಎರಡು ಗಂಟೆ ಎಂದು ಕಾಯ್ದೆ ಬರೆದವರಿಗೆ ಈ ಲೆಕ್ಕ ಗೊತ್ತಿತ್ತು.

ಮುಂಬೈಯ ಒಂದು ಪ್ರಕರಣದ ಬಗ್ಗೆಯೂ ಹೇಳಿದರು. 2006ರ ನವೆಂಬರಿನಲ್ಲಿ ಬಾಂದ್ರಾದಲ್ಲಿ ಕಾರೊಂದು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿದು ಏಳು ಜನ ಸತ್ತರು. ಕೇಸು 304ಎ ಯಿಂದ ದಾಟಿ 304ರ ಎರಡನೇ ಭಾಗಕ್ಕೆ, ಅಂದರೆ ಸಾವು ಸಂಭವಿಸಬಹುದೆಂದು ತಿಳಿದೂ ಮಾಡಿದ ಕೃತ್ಯ ಎಂಬಲ್ಲಿಗೆ ಹೋಯಿತು. 2012ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ಎತ್ತಿಹಿಡಿಯಿತು. ಆ ಚಾಲಕನ ರಕ್ತದಲ್ಲಿ ಸಿಕ್ಕಿದ್ದು 0.112 ಶೇಕಡ. ನಮ್ಮ ಲೆಕ್ಕಕ್ಕೆ ಬದಲಾಯಿಸಿದರೆ 112 ಮಿಲಿಗ್ರಾಂ. ನಾನು ಪೆನ್ಸಿಲಿನಲ್ಲಿ ಬರೆದ 116ನ್ನು ವಕೀಲರು ಬೆರಳಿನಿಂದ ಮುಟ್ಟಿ ತೋರಿಸಿದರು. ಆ 112 ಪ್ರಯೋಗಾಲಯದ ಕಾಗದದಲ್ಲಿತ್ತು. ಈ 116 ಒಬ್ಬ ಟೀಚರಿನ ಕೈಬರಹದಲ್ಲಿತ್ತು.

ಮೇಲಧಿಕಾರಿಗಳ ಕಚೇರಿಗೆ ಎರಡು ಸಲ ಹೋದೆ, ಮನವಿ ಕೊಟ್ಟೆ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ವರದಿ ಏನು ಬಂದಿದೆಯೋ ಅದರಂತೆ ಕ್ರಮ ಎಂದು ಉತ್ತರ ಬಂತು. ಆರು ಗಂಟೆ ಯಾಕಾಯಿತು ಎಂಬ ಪ್ರಶ್ನೆಗೆ ಆ ಪತ್ರದಲ್ಲಿ ಉತ್ತರ ಇಲ್ಲ. ಯಾರದೋ ಫೋನು ಬಂದಿತ್ತು ಎಂದು ಊರಿನಲ್ಲಿ ಮಾತಾಡುತ್ತಾರೆ. ನನ್ನ ಕಣ್ಣಾರೆ ಕಾಣದ್ದನ್ನು ನಾನು ಹೇಳುವುದಿಲ್ಲ. ರಾತ್ರಿ ಪಾಳಿಯಲ್ಲಿ ಇಬ್ಬರೇ ಪೇದೆಗಳು, ಒಂದೇ ಜೀಪು, ಎಲ್ಲರಿಗೂ ಗಾಯಾಳುವಿನ ಚಿಂತೆ, ಹಾಗೆಯೂ ಆಗಿರಬಹುದು. ಕಾರಣ ಯಾವುದೇ ಇದ್ದರೂ ರಕ್ತ ಕಾಯುವುದಿಲ್ಲ.

ಮುಂದಿನ ವರ್ಷ ಬೇಸಿಗೆಯಿಂದ ಮಳೆಗಾಲದತನಕ ನಾನು ಅಪಘಾತದ ಅಂಕಿಗಳನ್ನು ಹುಡುಕಿ ಓದಿದೆ. ನಿದ್ದೆ ಬರುತ್ತಿರಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಕುಡಿದು ಓಡಿಸಿದ್ದಕ್ಕೆ ಎಂಬ ಪಟ್ಟಿಯಲ್ಲಿ ಇರುವುದು ನೂರಕ್ಕೆ ಎರಡೂವರೆ ಮಾತ್ರ. ಅತಿವೇಗ ಎಂಬ ಪಟ್ಟಿಯಲ್ಲಿ ನೂರಕ್ಕೆ ಎಪ್ಪತ್ತರ ಮೇಲೆ. ಅಮೆರಿಕದಲ್ಲಿ ಬಹುತೇಕ ರಾಜ್ಯಗಳ ಮಿತಿ ನಮ್ಮದಕ್ಕಿಂತ ಸಡಿಲ, 80 ಮಿಲಿಗ್ರಾಂ. ಅಲ್ಲಿ ಅದೇ ವರ್ಷ ರಸ್ತೆ ಸಾವುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಆ ಮಿತಿಯನ್ನೂ ಮೀರಿ ಕುಡಿದ ಚಾಲಕರಿದ್ದ ಅಪಘಾತಗಳದ್ದು. ಅಲ್ಲಿಯವರ ಕುಡಿತ ಬೇರೆ, ನಮ್ಮದು ಬೇರೆ ಇರಬಹುದು. ಆದರೂ ನನ್ನ ತಮ್ಮನ ಕಾಗದಗಳನ್ನು ನೋಡಿದವಳಿಗೆ ಆ ಎರಡೂವರೆ ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ. ರಕ್ತ ತಡವಾದರೆ 185 ಇಲ್ಲ. 185 ಇಲ್ಲದಿದ್ದರೆ ಉಳಿಯುವುದು ಅತಿವೇಗ ಮತ್ತು ನಿಷ್ಕಾಳಜಿ. ನನ್ನ ತಮ್ಮ ಸರ್ಕಾರದ ಲೆಕ್ಕದಲ್ಲಿ ಅತಿವೇಗಕ್ಕೆ ಸತ್ತವನು.

ಆದ್ದರಿಂದ ಇದನ್ನು ಓದುವವರಿಗೆ ಕೈಮುಗಿದು ಹೇಳುತ್ತೇನೆ. ಅಂಥ ರಾತ್ರಿ ನಿಮ್ಮ ಮನೆಗೆ ಬರದಿರಲಿ. ಬಂದರೆ, ನಿಮ್ಮವರ ಹತ್ತಿರ ಒಬ್ಬರು ಇರಲಿ, ಇನ್ನೊಬ್ಬರು, ಕಾಕಾನೋ ಮಾವನೋ ಗೆಳೆಯನೋ, ಎದುರಿನ ಚಾಲಕ ಎಲ್ಲಿದ್ದಾನೆ ಎಂದು ಹುಡುಕಿಕೊಂಡು ಹೋಗಲಿ. ಊದಿಸಿದ್ದೀರಾ, ರಕ್ತ ತೆಗೆದಿದ್ದೀರಾ ಎಂದು ಕೇಳಲಿ. ತುರ್ತು ಸಂಖ್ಯೆ 112ಕ್ಕೆ ಫೋನು ಮಾಡಿ ಚಾಲಕ ಕುಡಿದಿದ್ದಾನೆ ಎಂದು ಹೇಳಲಿ, ಆ ಕರೆ ದಾಖಲಾಗುತ್ತದೆ. ಬಿಳಿ ಹಾಳೆಯಲ್ಲಿ ಎರಡು ಸಾಲು ಬರೆದು, ಹೊತ್ತು ಹಾಕಿ, ಠಾಣೆಗೂ ಆಸ್ಪತ್ರೆಗೂ ಕೊಟ್ಟು ಸಹಿ ಹಾಕಿಸಿಕೊಳ್ಳಲಿ. ಫಿರ್ಯಾದಿಯಲ್ಲಿ ಕುಡಿದ ವಾಸನೆಯ ಮಾತು ಬರುವತನಕ ಸಹಿ ಮಾಡಬೇಡಿ. ಚರ್ಮ ಒರೆಸಲು ಸ್ಪಿರಿಟ್ ಹಚ್ಚಬಾರದು ಎಂಬುದನ್ನೂ ನೆನಪಿಡಿ. ಹಚ್ಚಿದರೆ ಆ ಸ್ಪಿರಿಟ್ಟೇ ರಕ್ತದಲ್ಲಿ ಬಂದಿದೆ ಎಂದು ಮುಂದೆ ಕೋರ್ಟಿನಲ್ಲಿ ವಾದಿಸುತ್ತಾರೆ. ಇದೆಲ್ಲ ಅಳುವ ಹೊತ್ತಿನಲ್ಲಿ ಮಾಡುವ ಕೆಲಸವಲ್ಲ, ನನಗೆ ಗೊತ್ತು. ನಾನೂ ಮಾಡಲಿಲ್ಲ.

ಪರಿಹಾರದ ಅರ್ಜಿ ಬೇರೆಯೇ ದಾರಿ. ಅಪಘಾತವಾದ 6 ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು ಎಂಬ ನಿಯಮ 2022ರ ಏಪ್ರಿಲ್‌ನಿಂದ ಮತ್ತೆ ಬಂದಿದೆ. ನಮ್ಮಲ್ಲಿ ತುಂಬ ಜನ ವರ್ಷದ ಪುಣ್ಯತಿಥಿ ಆಗಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಕಾಯಬೇಡಿ. ಅಪಘಾತ ಎಲ್ಲೇ ಆಗಿರಲಿ, ಅರ್ಜಿದಾರರು ತಾವಿರುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲದ ಹೆಣ್ಣುಮಕ್ಕಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರೆ ಆದಾಯ ಕೇಳದೆ ವಕೀಲರನ್ನು ಕೊಡುತ್ತಾರೆ, ಸಹಾಯವಾಣಿ 15100. ನಮ್ಮ ಅರ್ಜಿ ಜುಲೈನಲ್ಲಿ, ಐದನೇ ತಿಂಗಳಿಗೆ ಬಿತ್ತು. ಅರ್ಜಿದಾರರು ನಾಲ್ವರು: ಹೆಂಡತಿ, ಮಗಳು, ಅವ್ವ, ಅಪ್ಪ. ಎದುರಿಗೆ ಚಾಲಕ, ಕಾರಿನ ಮಾಲೀಕ, ವಿಮಾ ಕಂಪನಿ.

ಅಲ್ಲಿ ನಾನು ನಿರೀಕ್ಷಿಸದ ಒಂದು ಮಾತು ಎದುರಾಯಿತು. ವಿಮಾ ಕಂಪನಿಯ ಆಕ್ಷೇಪಣೆಯಲ್ಲಿ ಚಾಲಕ ಮದ್ಯಪಾನ ಮಾಡಿದ್ದ, ಪಾಲಿಸಿಯ ಷರತ್ತು ಮುರಿದಿದ್ದಾನೆ, ಆದ್ದರಿಂದ ತಾನು ಹೊಣೆಯಲ್ಲ ಎಂದು ಬರೆದಿತ್ತು. ಅದಕ್ಕೆ ಆಧಾರ ಚಾಚಾ ಪೊಲೀಸರಿಗೆ ಕೊಟ್ಟ ಹೇಳಿಕೆ! ಕ್ರಿಮಿನಲ್ ಕೇಸಿನಲ್ಲಿ ಯಾರೂ ಎತ್ತಿಕೊಳ್ಳದ ಮಾತನ್ನು ಇಲ್ಲಿ ನಮಗೆ ದುಡ್ಡು ಕೊಡದಿರಲು ಎತ್ತಿಕೊಂಡಿದ್ದರು.

ತಮ್ಮನ ಹೆಂಡತಿ ಹೆದರಿದಳು. "ಅಕ್ಕಾ, ಕುಡದಿದ್ದ ಅಂತ ಆದ್ರ ನಮಗ ರೊಕ್ಕ ಬರಲ್ಲೇನು? ಚಾಚಾಗ ಹೇಳ್ಬ್ಯಾಡಂತ ಅನ್ನೂಣೇನು?" ವಕೀಲರು ಸಮಾಧಾನ ಮಾಡಿದರು. ಕುಡಿದದ್ದು ಸಾಬೀತಾದರೂ ಸತ್ತವರ ಮನೆಯವರು ಮೂರನೆಯವರು, ಪಾಲಿಸಿಯ ಒಪ್ಪಂದ ಮುರಿದವರಲ್ಲ. ಕಂಪನಿ ಮೊದಲು ಅವರಿಗೆ ಕೊಡಬೇಕು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕು. "ಖರೇ ಹೇಳಿದ್ರ ನಿಮಗೇನೂ ಕಮ್ಮಿ ಆಗಲ್ಲ ತಾಯಿ," ಅಂದರು. ಅವಳು ಅರ್ಧ ನಂಬಿದಳು, ಅರ್ಧ ನನ್ನ ಮುಖ ನೋಡಿದಳು.

ಅವಳ ಪಾಟೀಸವಾಲಿನ ದಿನ ನಾನು ರಜೆ ಹಾಕಿ ಹೋಗಿದ್ದೆ. ಸೆರಗು ಹೊದ್ದುಕೊಂಡು ಸಾಕ್ಷಿಕಟ್ಟೆಯಲ್ಲಿ ನಿಂತಳು. ಮಿಲ್ಲಿನ ಸಂಬಳಕ್ಕೆ ಚೀಟಿ ಇದೆಯೇ? ಇಲ್ಲ, ಕೈಗೆ ಕೊಡುತ್ತಿದ್ದರು. ಹೆಲ್ಮೆಟ್ ಹಾಕಿದ್ದನೇ? ಹಾಕಿದ್ದ. ಲೈಸೆನ್ಸ್? ಇದೆ. ಆಮೇಲೆ ಕಂಪನಿಯ ವಕೀಲರು ಕೇಳಿದರು: ನಿಮ್ಮ ಗಂಡನಿಗೆ ಕುಡಿಯುವ ಚಟ ಇತ್ತು, ಆ ದಿನ ಅವನೂ ಕುಡಿದು ಓಡಿಸುತ್ತಿದ್ದ ಎಂದರೆ ಸರಿಯೇ?

ಅವಳು ಸುಮ್ಮನೆ ನಿಂತಳು. ಬೆಂಚಿನ ಮೇಲೆ ಕೂತ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಹೇಳಿದಳು, "ಅವರು ನಾ ಕಟ್ಟಿದ್ ಬುತ್ತಿ ಉಂಡಿದ್ರು. ಡಾಕ್ಟ್ರು ಬರದಾರ." ನ್ಯಾಯಾಧೀಶರು ಮರಣೋತ್ತರ ವರದಿಯನ್ನು ತೆರೆದು ಓದಿದರು, ಆ ಪ್ರಶ್ನೆ ಮುಂದುವರಿಯಲಿಲ್ಲ. ಆ ಸಾಲನ್ನು ನಾನು ಅವಳಿಗೆ ಓದಿ ಹೇಳಿದ್ದು ಒಂದೇ ಸಲ, ಒಂದು ವರ್ಷದ ಹಿಂದೆ.

2025ರಲ್ಲಿ ತೀರ್ಪು ಬಂತು. ಲೆಕ್ಕ ಹೇಗೆ ಹಾಕುತ್ತಾರೆ ಎಂದು ಕೇಳುವವರಿಗಾಗಿ ಬರೆಯುತ್ತೇನೆ. ಸಂಬಳದ ಚೀಟಿ ಇಲ್ಲದ್ದರಿಂದ ನಾವು ಹೇಳಿದ 18,000 ಒಪ್ಪಲಿಲ್ಲ, ತಿಂಗಳಿಗೆ 14,000 ಹಿಡಿದರು. 40 ವರ್ಷದೊಳಗಿನವನು, ಕಾಯಂ ನೌಕರಿಯಲ್ಲ, ಆದ್ದರಿಂದ ಮುಂದಿನ ಗಳಿಕೆಗೆಂದು ಶೇಕಡ 40 ಕೂಡಿಸಿದರು: 19,600. ನಾಲ್ವರು ಅವಲಂಬಿತರು ಇರುವುದರಿಂದ ಅವನ ಸ್ವಂತ ಖರ್ಚಿಗೆ ನಾಲ್ಕರಲ್ಲಿ ಒಂದು ಪಾಲು ಕಳೆದರು: 14,700. ವರ್ಷಕ್ಕೆ 1,76,400. 29 ವಯಸ್ಸಿಗೆ ಗುಣಕ, ಅಂದರೆ ವರ್ಷದ ಗಳಿಕೆಯನ್ನು ಗುಣಿಸುವ ಸಂಖ್ಯೆ, 17. ಒಟ್ಟು 29,98,800. ಗುಣಕದ ಪಟ್ಟಿ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನದು, 40ರ ಲೆಕ್ಕ 2017ರ ಪ್ರಣಯ್ ಸೇಠಿ ತೀರ್ಪಿನದು. ಬಾಂಧವ್ಯ ನಷ್ಟಕ್ಕೆ ನಾಲ್ವರಿಗೆ ತಲಾ 44,000, ಅಂತ್ಯಕ್ರಿಯೆಗೆ ಮತ್ತು ಆಸ್ತಿ ನಷ್ಟಕ್ಕೆ 16,500ರಂತೆ 33,000. ಎಲ್ಲ ಸೇರಿ 32,07,800, ಅರ್ಜಿಯ ದಿನದಿಂದ ಶೇಕಡ 6 ಬಡ್ಡಿ. ಮಗಳ ಪಾಲು ಅವಳಿಗೆ 18 ತುಂಬುವತನಕ ಬ್ಯಾಂಕಿನ ಠೇವಣಿಯಲ್ಲಿ. ಮಿಲ್ಲಿನಲ್ಲಿ, ಗ್ಯಾರೇಜಿನಲ್ಲಿ, ಅಂಗಡಿಯಲ್ಲಿ ದುಡಿಯುವ ನಮ್ಮ ಹುಡುಗರು ಸಂಬಳವನ್ನು ಬ್ಯಾಂಕಿಗೆ ಹಾಕಿಸಿಕೊಳ್ಳಲಿ. ತಿಂಗಳಿಗೆ ನಾಲ್ಕು ಸಾವಿರದ ಸಾಕ್ಷಿ ಇಲ್ಲದೆ ಈ ಮನೆ ಎಂಟು ಲಕ್ಷದ ಮೇಲೆ ಕಳೆದುಕೊಂಡಿತು.

ತೀರ್ಪಿನ ಇನ್ನೊಂದು ಭಾಗ. ಚಾಲಕ ಮದ್ಯಪಾನ ಮಾಡಿದ್ದನೆಂಬುದನ್ನು ವಿಮಾ ಕಂಪನಿ ಸಾಬೀತುಪಡಿಸಿಲ್ಲ. ವಾಸನೆ ಬಂತೆಂಬ ಮಾತೊಂದೇ ಸಾಲದು, ರಕ್ತದ ವರದಿ ಮಿತಿಯೊಳಗಿದೆ. ಆದ್ದರಿಂದ ಪೂರ್ತಿ ಹಣ ಕಂಪನಿಯೇ ಕೊಡಬೇಕು, ಮಾಲೀಕನಿಂದ ವಸೂಲಿಗೆ ಅವಕಾಶವಿಲ್ಲ. ನಮಗೆ ಸಿಗಬೇಕಾದ್ದು ಸಿಕ್ಕಿತು. ಆದರೆ ಆ ಕಾರಿನ ಮಾಲೀಕ, ಆ ಚಾಲಕ, ಇಬ್ಬರ ಜೇಬಿನಿಂದಲೂ ಒಂದು ರೂಪಾಯಿ ಹೋಗಲಿಲ್ಲ. ಅಪ್ಪ ತೀರ್ಪು ಕೇಳಿ, "ಅವಂಗೇನಾಯ್ತವ್ವಾ?" ಎಂದು ಕೇಳಿದ. ರೊಕ್ಕ ಎಷ್ಟು ಎಂದು ಅವನು ಇವತ್ತಿನತನಕ ಕೇಳಿಲ್ಲ.

ಕ್ರಿಮಿನಲ್ ಕೇಸು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಡೆಯುತ್ತಿದೆ. ನಮ್ಮದು ಹಳೆಯ ಕಾನೂನಿನ ಪ್ರಕರಣ, 304ಎಗೆ ಹೆಚ್ಚೆಂದರೆ 2 ವರ್ಷ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 106ರಲ್ಲಿ ಅದು 5 ವರ್ಷದವರೆಗೆ ಏರಿದೆ. ಕಲಂ 185ರ ದಂಡವೂ 2019ರಿಂದ ಮೊದಲ ಸಲಕ್ಕೆ 10,000 ರೂಪಾಯಿ ಎಂದಾಗಿದೆ, 6 ತಿಂಗಳವರೆಗಿನ ಜೈಲು ಮೊದಲಿನಿಂದಲೂ ಇದೆ. ಶಿಕ್ಷೆ ಹೆಚ್ಚಿಸಿದ್ದು ಒಳ್ಳೆಯದೇ. ಆದರೆ ಆ ಕಲಂ ಹಚ್ಚಲು ಮೊದಲು ರಕ್ತ ಬೇಕು, ಅದೂ ಹೊತ್ತಿಗೆ ಸರಿಯಾಗಿ ತೆಗೆದ ರಕ್ತ.

ಕಳೆದ ಸಲ ಚಾಚಾರ ಸಾಕ್ಷಿ ಇತ್ತು. ಅಪಘಾತದಲ್ಲಿ ನೆರವಾದವರನ್ನು ಬಲವಂತ ಮಾಡಿ ಸಾಕ್ಷಿ ಹೇಳಿಸುವಂತಿಲ್ಲ, ಹೆಸರು ಹೇಳು ಎಂದು ಕಾಡುವಂತಿಲ್ಲ ಎಂದು ಈಗ ಕಾನೂನಿದೆ, ಕೇಂದ್ರದ್ದೂ ಇದೆ, ಕರ್ನಾಟಕದ್ದೂ ಇದೆ. ಅದನ್ನು ಅವರಿಗೆ ಮೊದಲೇ ಹೇಳಿದ್ದೆ, ಬರಲೇಬೇಕೆಂದಿಲ್ಲ ಅಂದಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಅಂಗಡಿ ಮಗನಿಗೆ ಬಿಟ್ಟು, ಬಸ್ಸು ಹಿಡಿದು ಬಂದಿದ್ದರು. ಮೂರು ಸಲ ತಾರೀಖು ಮುಂದೆ ಹೋಗಿತ್ತು, ಮೂರು ಸಲವೂ ಬಂದಿದ್ದರು.

ಆರೋಪಿಯ ವಕೀಲರು ಕೇಳಿದರು, "ನೀವು ಡಾಕ್ಟರೇನು? ಸೆರೆ ವಾಸನಿ ಅಂತ ಹೆಂಗ ಹೇಳ್ತೀರಿ?"

"ಡಾಕ್ಟರ್ ಅಲ್ಲ ಸಾಹೇಬ," ಅಂದರು ಚಾಚಾ. "ನಲವತ್ತು ವರ್ಷ ರೋಡಿನ ಮ್ಯಾಲ ಕುಂತೀನಿ. ಪೆಟ್ರೋಲ್ ವಾಸನಿ ಗೊತ್ತದ, ಡೀಸಲ್ ವಾಸನಿ ಗೊತ್ತದ, ಟೈರ್ ಸುಟ್ಟ ವಾಸನಿ ಗೊತ್ತದ. ಅವತ್ತ ಟೈರ್ ಸುಟ್ಟ ವಾಸನಿ ಬರಲಿಲ್ಲ. ಅಂವ ಬ್ರೇಕೇ ಹೊಡಿಲಿಲ್ಲ. ಬಾಗಲಾ ತೆಗದಾಗ ಬಂದಿದ್ದು ಸೆರೆ ವಾಸನಿ."

ಟೈಪಿಸ್ಟ್ ಬೆರಳು ನಿಂತು ಮತ್ತೆ ನಡೆಯಿತು. ನ್ಯಾಯಾಧೀಶರು ಆ ಮಾತನ್ನು ಪೂರ್ತಿ ಬರೆಸಿದರು. ಆರೋಪಿ ನನಗಿಂತ ಎರಡು ಬೆಂಚು ಹಿಂದೆ ಕೂತಿದ್ದ, ನಾನು ತಿರುಗಿ ನೋಡಲಿಲ್ಲ.

ಇನ್ನು ಉಳಿದಿರುವುದು ರಕ್ತ ತೆಗೆದ ವೈದ್ಯರ ಸಾಕ್ಷಿ. 3.40 ಎಂದು ಬರೆದದ್ದು ಅವರ ಕೈ. ತಡವಾಗಿದ್ದು ಯಾಕೆ, ಆಗಲೂ ವಾಸನೆ ಇತ್ತೇ, ಅಷ್ಟು ಹೊತ್ತಿನ ಮೇಲೆ 26 ಉಳಿದಿದ್ದರೆ ಮೊದಲು ಎಷ್ಟಿರಬೇಕು ಎಂದು ಅವರನ್ನು ಕೇಳಿಸಬೇಕೆಂದು ಸರ್ಕಾರಿ ಅಭಿಯೋಜಕರಿಗೆ ನನ್ನ ಲೆಕ್ಕವನ್ನು ಬಿಳಿ ಹಾಳೆಯಲ್ಲಿ ಅಚ್ಚುಕಟ್ಟಾಗಿ ಬರೆದು ಕೊಟ್ಟಿದ್ದೇನೆ. ಓದಿ ಫೈಲಿನಲ್ಲಿ ಇಟ್ಟುಕೊಂಡಿದ್ದಾರೆ. ತಾರೀಖು ಬಂದದ್ದು ಶಾಲೆಯಲ್ಲಿ ಪರೀಕ್ಷೆ ನಡೆಯುವ ದಿನ. ರಜೆ ಚೀಟಿ ಬರೆದು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ.